ಪದ ಪರಿಚಯ: ಗಾಲ್ಫಿನ ಅಲೈನ್‌ಮೆಂಟ್

ಚೆಂಡಿನ ಎದುರು ನಿಂತಾಗ ಕ್ಲಬ್ಬಿನ (ಹೊಡೆಯುವ ಕೋಲಿನ) ಮುಖ, ಅಂದರೆ ಚೆಂಡಿಗೆ ತಾಗುವ ಭಾಗ, ಮತ್ತೆ ನಮ್ಮ ಪಾದ, ಮಂಡಿ, ಸೊಂಟ, ಭುಜ ಯಾವ ಕಡೆ ತಿರುಗಿವೆ ಅನ್ನೋದೇ ಅಲೈನ್‌ಮೆಂಟ್. ಇದು ಸೆಟಪ್‌ನ, ಅಂದರೆ ಹೊಡೆಯೋ ಮುಂಚಿನ ತಯಾರಿಯ, ಒಂದು ಭಾಗ. ಗ್ರಿಪ್ (ಕ್ಲಬ್ ಹಿಡಿಯೋ ರೀತಿ), ನಿಲುವು, ಚೆಂಡಿನ ಜಾಗ ಉಳಿದವು.

ನವಿ ಮುಂಬೈನ ಖಾರ್ಘರ್‌ನಲ್ಲಿ ಸಿಡ್ಕೋದ (ಅಲ್ಲಿನ ಸರ್ಕಾರಿ ನಗರ ನಿರ್ಮಾಣ ಸಂಸ್ಥೆಯ) ಗಾಲ್ಫ್ ಕೋರ್ಸ್ ಬಂದ ಮೇಲೆ ದೊಡ್ಡ ಕ್ಲಬ್ಬಿನ ಮೆಂಬರ್‌ಶಿಪ್ ಇಲ್ಲದವರೂ ಆಡಬಹುದು. ನವಿ ಮುಂಬೈ ಕಡೆಯ ನಮ್ಮ ಕನ್ನಡದವರಲ್ಲಿ ಹೊಸದಾಗಿ ಕಲಿಯುತ್ತಿರುವವರು ಕೇಳೋದು ಸಾಮಾನ್ಯವಾಗಿ ಇದನ್ನೇ: "ಅಣ್ಣ, ಫ್ಲ್ಯಾಗ್ ಕಡೆಗೇ ಸರಿಯಾಗಿ ನಿಂತಿದ್ದೆ, ಬಾಲ್ ಯಾಕೆ ಬಲಕ್ಕೆ ಹೋಯ್ತು?"

ಫ್ಲ್ಯಾಗ್, ಅಂದರೆ ಗುಳಿಯಲ್ಲಿ ನೆಟ್ಟ ಬಾವುಟದ ಕಡೆ ಮೈ ತಿರುಗಿಸಿದ್ದಕ್ಕೇ ಹೋಯ್ತು. ಲೋಕಲ್ ಟ್ರೇನಿನ ಎರಡು ಹಳಿ ನೆನಪು ಮಾಡಿಕೊಳ್ಳಿ. ಆಚೆ ಹಳಿಯ ಮೇಲೆ ಚೆಂಡು ಮತ್ತು ಕ್ಲಬ್, ಅದು ನೇರ ಫ್ಲ್ಯಾಗಿಗೆ ಹೋಗುತ್ತದೆ. ಈಚೆ ಹಳಿಯ ಮೇಲೆ ನೀವು. ಅಂದರೆ ಬಲಗೈ ಆಟಗಾರನ ಪಾದ, ಸೊಂಟ, ಭುಜದ ಗೆರೆ ಫ್ಲ್ಯಾಗಿಗಿಂತ ತುಸು ಎಡಕ್ಕೇ ಇರಬೇಕು. ಭುಜವನ್ನೇ ಫ್ಲ್ಯಾಗಿಗೆ ತಾಗಿಸಿದರೆ ಕ್ಲಬ್ಬಿನ ಮುಖವೂ ಅದರ ಜೊತೆ ಬಲಕ್ಕೆ ತಿರುಗಿಬಿಡುತ್ತದೆ, ಮತ್ತೆ ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಅನ್ನೋದನ್ನ ಹೆಚ್ಚಾಗಿ ನಿರ್ಧರಿಸೋದು ಆ ಮುಖವೇ. 5 ಡಿಗ್ರಿ ತಪ್ಪಿದರೆ 150 ಗಜದ ಹೊಡೆತ ಸುಮಾರು 13 ಗಜ ಪಕ್ಕಕ್ಕೆ ಬೀಳುತ್ತದೆ. ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ತಪ್ಪೋಕೆ ಅಷ್ಟು ಸಾಕಲ್ವಾ? ಇದಕ್ಕಿಂತ ಕೆಟ್ಟದ್ದು ಆಮೇಲೆ ಬರುತ್ತದೆ. ಬಲಕ್ಕೆ ಹೋಗೋದನ್ನ ತಡೆಯೋಕೆ ಕೈ ತಾನಾಗೇ ಕ್ಲಬ್ಬನ್ನ ಎಡಕ್ಕೆ ಎಳೆಯಲು ಶುರು ಮಾಡುತ್ತದೆ, ಒಳ್ಳೆ ಸ್ವಿಂಗೇ ಕೆಡುತ್ತದೆ.

ಪ್ರಾಕ್ಟೀಸ್‌ನಲ್ಲಿ ಎರಡು ಅಲೈನ್‌ಮೆಂಟ್ ಸ್ಟಿಕ್ (ದಿಕ್ಕು ತೋರಿಸೋ ತೆಳು ಕಡ್ಡಿ) ನೆಲದ ಮೇಲೆ ಇಡಿ, ಇಲ್ಲದಿದ್ದರೆ ಎರಡು ಕ್ಲಬ್ ಸಾಕು. ಒಂದು ಚೆಂಡಿನ ಆಚೆ ಪಕ್ಕ ಗುರಿ ಕಡೆಗೆ, ಇನ್ನೊಂದು ಕಾಲ್ಬೆರಳ ಮುಂದೆ ಅದಕ್ಕೆ ಸಮಾನಾಂತರವಾಗಿ. ಮೊದಲು ಚೆಂಡಿನ ಹಿಂದೆ ನಿಂತು ಗುರಿ ನೋಡಿ, ಅದೇ ಗೆರೆಯಲ್ಲಿ ಚೆಂಡಿನಿಂದ ಎರಡು ಮೂರು ಅಡಿ ಮುಂದೆ ಒಂದು ಒಣ ಎಲೆಯನ್ನೋ ಕಿತ್ತ ಹುಲ್ಲಿನ ಗುರುತನ್ನೋ ಹಿಡಿಯಿರಿ. ಅಮೆರಿಕದ ದಿಗ್ಗಜ ಗಾಲ್ಫರ್ ಜಾಕ್ ನಿಕ್ಲಾಸ್ ಮಾಡುತ್ತಿದ್ದದ್ದೂ ಇದನ್ನೇ. ಕ್ಲಬ್ಬಿನ ಮುಖವನ್ನ ಆ ಗುರುತಿಗೆ ಇಟ್ಟು ಆಮೇಲೆ ಪಾದ ಜೋಡಿಸಿ. ಪಾದ ಮೊದಲು ಬೇಡ.

ಪಾದ ಸರಿ ಇದ್ದರೂ ಭುಜ ಮೋಸ ಮಾಡುತ್ತದೆ. ಗ್ರಿಪ್‌ನಲ್ಲಿ ಬಲಗೈ ಕೆಳಗಿರುವುದರಿಂದ ಬಲಭುಜ ಮುಂದಕ್ಕೆ ಬರುತ್ತದೆ, ನಿಂತವರಿಗೆ ಅದು ಗೊತ್ತೇ ಆಗಲ್ಲ. ಎದೆಗೆ ಅಡ್ಡಲಾಗಿ ಒಂದು ಕ್ಲಬ್ ಹಿಡಿದು ಸ್ಟಿಕ್ ಜೊತೆ ಹೋಲಿಸಿ ನೋಡಿ. ರೇಂಜಿನ (ಪ್ರಾಕ್ಟೀಸ್ ಜಾಗದ) ಮ್ಯಾಟ್ ಅಂಚನ್ನಂತೂ ನಂಬಲೇಬೇಡಿ, ಅದು ನಿಮ್ಮ ಗುರಿಯ ಕಡೆಗೆ ಇರಬೇಕು ಅಂತೇನಿಲ್ಲ.

ಆಟದಲ್ಲಿ ಹೀಗೆ ಸ್ಟಿಕ್ ಇಡೋದು ನಡೆಯಲ್ಲ. ಗುರಿ ಜೋಡಿಸೋಕೆ ನೆಲದ ಮೇಲೆ ಏನಾದರೂ ಇಟ್ಟು ಸ್ಟಾನ್ಸ್ ತಗೊಂಡರೆ (ಹೊಡೆಯೋಕೆ ಕಾಲೂರಿ ನಿಂತರೆ) ಸ್ಟ್ರೋಕ್ ಪ್ಲೇಯಲ್ಲಿ, ಅಂದರೆ ಒಟ್ಟು ಹೊಡೆತ ಎಣಿಸೋ ಆಟದಲ್ಲಿ, 2 ಹೊಡೆತದ ದಂಡ, ಆಮೇಲೆ ತೆಗೆದರೂ ತಪ್ಪಲ್ಲ. ಸ್ಟಾನ್ಸ್ ಶುರುವಾದ ಮೇಲೆ ಕ್ಯಾಡಿ (ಆಟಗಾರನ ಬ್ಯಾಗ್ ಹೊರುವ ಸಹಾಯಕ) ಬೇಕಂತಲೇ ಹಿಂದೆ ಗೆರೆಯಲ್ಲಿ ನಿಲ್ಲೋದಕ್ಕೂ 2019ರಿಂದ ತಡೆ ಇದೆ. ಹಾಗಾಗಿ ಸ್ವಲ್ಪ ಚೆಂಡು ಸ್ಟಿಕ್ ಇಟ್ಟು ಹೊಡೆದ ಮೇಲೆ ಅದನ್ನ ಎತ್ತಿಡಿ, ಪ್ರತಿ ಹೊಡೆತಕ್ಕೂ ಬೇರೆ ಗುರಿ ತಗೊಂಡು ಎಲೆ ಹುಡುಕೋದರಿಂದಲೇ ಮತ್ತೆ ಶುರು ಮಾಡಿ.