ಸ್ಯಾನಿಟೈಸರಿಗೂ ಕೂಗುವ ಗ್ಯಾಸ್ ಅಲಾರಾಂ ಕೆಟ್ಟಿದೆಯಾ?

ಪ್ರಶ್ನೆ: ಅಡುಗೆಮನೆಗೆ ಗ್ಯಾಸ್ ಲೀಕ್ ಅಲಾರಾಂ ಹಾಕಿಸಿದ್ದೇವೆ. ಸಿಲಿಂಡರ್ ಸರಿಯಾಗಿದೆ. ಆದರೂ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡರೆ, ಪಕ್ಕದ ರೂಮಿನಲ್ಲಿ ಮಗ ಡಿಯೋಡರೆಂಟ್ ಹೊಡೆದರೆ ಕೂಗಿಕೊಳ್ಳುತ್ತದೆ. ಕೆಟ್ಟಿದೆಯಾ?

ಉತ್ತರ: ಕೆಟ್ಟಿರಲಿಕ್ಕಿಲ್ಲ. ಅದಕ್ಕೆ ಗ್ಯಾಸಿನ ಗುರುತೇ ಇಲ್ಲ, ಅಷ್ಟೇ. ಸಿಲಿಂಡರ್ ಗ್ಯಾಸಿಗೆ ನಮ್ಮ ಮೂಗಿಗೆ ಗೊತ್ತಾಗಲಿ ಅಂತ ಈಥೈಲ್ ಮರ್ಕ್ಯಾಪ್ಟನ್ ಎಂಬ ನಾತದ ರಾಸಾಯನಿಕ ಬೆರೆಸಿರುತ್ತಾರೆ. ಅಲಾರಾಂ ನೋಡುವುದು ಆ ನಾತವನ್ನಲ್ಲ.

ಮನೆಗೆ ಸಿಗುವ ಕಡಿಮೆ ಬೆಲೆಯ ಅಲಾರಾಂಗಳಲ್ಲಿ ಹೆಚ್ಚಿನವುಗಳ ಒಳಗೆ ತವರದ ಆಕ್ಸೈಡ್ ಲೇಪಿಸಿದ ಪುಟ್ಟ ಬಿಲ್ಲೆ ಇರುತ್ತದೆ. ಜಪಾನಿನ ನವೊಯೋಶಿ ತಗುಚಿ 1960ರ ದಶಕದಲ್ಲಿ ರೂಪಿಸಿದ ಉಪಾಯ ಇದು. ಒಂದು ಸಣ್ಣ ಹೀಟರ್ ಆ ಬಿಲ್ಲೆಯನ್ನು ಸದಾ ಕಾಯಿಸುತ್ತಿರುತ್ತದೆ, ಸುಮಾರು 200ರಿಂದ 400 ಡಿಗ್ರಿವರೆಗೆ. ಗಾಳಿಯ ಆಮ್ಲಜನಕ ಅದರ ಮೈಗೆ ಅಂಟಿಕೊಂಡು ಎಲೆಕ್ಟ್ರಾನ್‌ಗಳನ್ನು ಹಿಡಿದಿಡುತ್ತದೆ. ಹಾಗಾಗಿ ಕರೆಂಟ್ ಹರಿಯುವುದು ಕಷ್ಟ. ಉರಿಯುವ ಗುಣದ ಆವಿ ಬಂದರೆ ಆ ಆಮ್ಲಜನಕದ ಜೊತೆ ಸೇರಿ ಅದನ್ನು ಖಾಲಿ ಮಾಡುತ್ತದೆ. ಎಲೆಕ್ಟ್ರಾನ್‌ಗಳು ಬಿಡುಗಡೆಯಾಗುತ್ತವೆ, ಕರೆಂಟ್ ಸಲೀಸಾಗಿ ಹರಿಯುತ್ತದೆ, ಅಲಾರಾಂ ಕೂಗುತ್ತದೆ. ಬಂದದ್ದು ಸಿಲಿಂಡರಿನ ಗ್ಯಾಸೋ ಸ್ಯಾನಿಟೈಸರಿನ ಆಲ್ಕೋಹಾಲೋ, ಬಿಲ್ಲೆಗೆ ಎರಡೂ ಒಂದೇ. ಇನ್ನು ನಿಮ್ಮ ಮಗನ ಡಿಯೋಡರೆಂಟ್ ವಿಷಯದಲ್ಲಿ ಅಲಾರಾಂ ಹೇಳುವುದೇ ನಿಜ ಇರಬಹುದು! ಅನೇಕ ಸ್ಪ್ರೇ ಡಬ್ಬಿಗಳಲ್ಲಿ ದ್ರವವನ್ನು ಹೊರಗೆ ತಳ್ಳುವುದು ಸಿಲಿಂಡರಿನಲ್ಲಿರುವ ಅದೇ ಬ್ಯೂಟೇನ್, ಪ್ರೊಪೇನ್.

ಅಲಾರಾಂ ಎಲ್ಲಿ ಕೂರಿಸಿದ್ದೀರಿ ನೋಡಿ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ಅದಕ್ಕೆ ಅಲಾರಾಂ ನೆಲಕ್ಕೆ ಹತ್ತಿರ ಇರಬೇಕು. ಪೈಪಿನಲ್ಲಿ ಬರುವ ಗ್ಯಾಸ್ ಬಹುಪಾಲು ಮೀಥೇನ್, ಗಾಳಿಗಿಂತ ಹಗುರ. ಅಲ್ಲಿ ಚಾವಣಿಯ ಹತ್ತಿರ. ಸಿಲಿಂಡರ್ ಬಿಟ್ಟು ಪೈಪ್ ಗ್ಯಾಸಿಗೆ ಬದಲಾಯಿಸಿಕೊಂಡವರು ಹಳೇ ಅಲಾರಾಂ ಅಲ್ಲೇ ಕೆಳಗೆ ಬಿಟ್ಟರೆ ಅದು ಸುಮ್ನೆ ಗೋಡೆಯ ಅಲಂಕಾರ. ಸಿಂಕಿನ ಸಂದಿಗೆ ಸಿಲಿಕೋನ್ ಮೆತ್ತುವ ದಿನ ಅಲಾರಾಂ ದೂರ ತೆಗೆದಿಡಿ. ಆ ಆವಿ ಬಿಲ್ಲೆಯನ್ನು ಮಂಕು ಮಾಡುತ್ತದೆ. ಆಮೇಲೆ ಅದು ಕೂಗಬೇಕಾದಾಗಲೂ ಕೂಗುವುದಿಲ್ಲ.

ಕೂಗಿದಾಗ ಮಾತ್ರ "ಸ್ಯಾನಿಟೈಸರ್ ಇರಬೇಕು ಬಿಡಿ" ಅನ್ನಬೇಡಿ. ಯಾವ ಸ್ವಿಚ್ಚನ್ನೂ ಮುಟ್ಟದೆ, ಅಲಾರಾಂ ಪ್ಲಗ್ಗನ್ನೂ ಕೀಳದೆ, ರೆಗ್ಯುಲೇಟರ್ ಬಂದ್ ಮಾಡಿ ಬಾಗಿಲು ಕಿಟಕಿ ತೆರೆಯಿರಿ. ಹೊರಗೆ ಬಂದ ಮೇಲೆ ಸಿಲಿಂಡರ್ ಗ್ಯಾಸ್ ಲೀಕಿನ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಜಾಸ್ತಿ ಜನ ಮರೆಯುವ ಮಾತು ಒಂದಿದೆ. ಈ ಅಲಾರಾಂ ಇದೆ ಅಂತ ಬಚ್ಚಲುಮನೆಯ ಗ್ಯಾಸ್ ಗೀಸರ್ ಬಗ್ಗೆ ನಿಶ್ಚಿಂತೆಯಾಗಿ ಇರುವಂತಿಲ್ಲ. ಗಾಳಿ ಸಾಲದೆ ಉರಿದರೆ ಗೀಸರಿನಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು 1600 ಪಾಲು ಇದ್ದರೆ ಒಂದೆರಡು ಗಂಟೆಯಲ್ಲಿ ಜೀವ ಹೋಗಬಹುದು. ಸಿಲಿಂಡರ್ ಗ್ಯಾಸ್ ಬೆಂಕಿ ಹತ್ತಲು ಸುಮಾರು 18,000 ಪಾಲು ಬೇಕು. ಅದರ ಹತ್ತನೇ ಒಂದು ಭಾಗಕ್ಕೆ ಕೂಗಲಿ ಎಂದು ಹೊಂದಿಸಿದ ಅಲಾರಾಂ 1800ರವರೆಗೂ ಸುಮ್ಮನಿರುತ್ತದೆ, ಅಲ್ವಾ? ಕಾರ್ಬನ್ ಮಾನಾಕ್ಸೈಡಿಗೆ ಅದರದ್ದೇ ಬೇರೆ ಅಲಾರಾಂ ಬೇಕು. ಅದಕ್ಕೂ ಮೊದಲು, ಗೀಸರನ್ನು ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಗೋಡೆಗೆ ಹಾಕಿಸಿ.