ಜೆನೆಟಿಕ್ ಟೆಸ್ಟ್ ಕ್ಲೇಮ್ ರಿಜೆಕ್ಟ್ ಆದ್ರ ಸುಮ್ನ ಕೂಡಬ್ಯಾಡ್ರಿ

ಹೋದ ವರ್ಷ ನಮ್ಮ ವೈನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದಾಗ ಹುಬ್ಬಳ್ಳಿ ಡಾಕ್ಟರ್ ಬಿಆರ್‌ಸಿಎ ಅನ್ನೋ ಜೀನ್‌ನ ಟೆಸ್ಟ್ ಬರೆದುಕೊಟ್ರು, ಆ ಜೀನ್‌ನ್ಯಾಗ ದೋಷ ಐತಿ ಅಂದ್ರ ಆಪರೇಷನ್ ಎಷ್ಟು ದೊಡ್ಡದು ಮಾಡಬೇಕು, ಯಾವ ಔಷಧ ಕೊಡಬೇಕು ಅನ್ನೋದ ಬದಲಾಗತೈತಿ. ರಕ್ತ ಬೆಂಗಳೂರಿಗೆ ಹೋತು, ದೋಷ ಐತಿ ಅಂತ ರಿಪೋರ್ಟೂ ಬಂತು, ಆದ್ರ ಆರೋಗ್ಯ ವಿಮೆ ಕ್ಲೇಮ್ ರಿಜೆಕ್ಟ್. ಲೆಟರ್‌ನ್ಯಾಗ ಒಂದ ಸಾಲು, ತಪಾಸಣೆ ಖರ್ಚು, ಕೋಡ್ 04. ಅಣ್ಣ ಅದನ್ನ ನಾಲ್ಕು ಮಡಿಕಿ ಮಾಡಿ ಅಂಗಿ ಕಿಸೆದಾಗ ಇಟ್ಕೊಂಡು ವಾರಗಟ್ಲೆ ಅಡ್ಡಾಡಿದ.

ಈ ಜಗಳ ಹಳೇದು. ಮೊದಲು ಭಾಳ ಪಾಲಿಸಿಯೊಳಗ ಆನುವಂಶಿಕ ಕಾಯಿಲೆಗೆ ದುಡ್ಡಿಲ್ಲ ಅಂತ ಸಣ್ಣಕ್ಷರದಾಗ ಬರೆದಿರ್ತಿದ್ರು. ಹೃದಯದ ಸ್ನಾಯು ದಪ್ಪ ಆಗೋ ಕಾಯಿಲೆ ಇದ್ದ ಒಬ್ಬರ ಕೇಸ್ ದೆಹಲಿ ಹೈಕೋರ್ಟಿಗೆ ಹೋಗಿ, 2018ರ ಫೆಬ್ರುವರಿ 26ಕ್ಕೆ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಇದು ತಾರತಮ್ಯ, ಸಂವಿಧಾನದ 14ನೇ ವಿಧಿಗೆ ವಿರುದ್ಧ ಅಂದ್ರು. ಖರೇನ ಐತಿ, ಬಿಪಿ ಶುಗರ್‌ನ್ಯಾಗೂ ವಂಶದ ಪಾಲು ಇರತೈತಲ್ಲ, ಹಂಗ ನೋಡಿದ್ರ ಯಾರಿಗೂ ದುಡ್ಡು ಸಿಗೂದಿಲ್ಲ. ಮುಂದಿನ ತಿಂಗಳ, ವಿಮಾ ಕಂಪನಿಗಳ ಮ್ಯಾಲೆ ನಿಗಾ ಇಡೋ ಐಆರ್‌ಡಿಎಐ ಅದಕ್ಕ ತಕ್ಕಂಗ ಸುತ್ತೋಲೆ ಹೊರಡಿಸ್ತು, ಆಮೇಲೆ ಸುಪ್ರೀಂ ಕೋರ್ಟ್ ತೀರ್ಪಿನ ಒಂದು ಭಾಗಕ್ಕ ತಡೆ ಕೊಟ್ರೂ ಐಆರ್‌ಡಿಎಐದ 2019ರ ಸೆಪ್ಟೆಂಬರ್ ಮಾರ್ಗಸೂಚಿಯೊಳಗ ಆನುವಂಶಿಕ ಕಾಯಿಲೆನ ಹೊರಗಿಡಂಗಿಲ್ಲ ಅಂತ ಬಂತು.

ಆದ್ರ ಕಾಯಿಲೆ ಬ್ಯಾರೆ, ಟೆಸ್ಟ್ ಬ್ಯಾರೆ. ಕೋಡ್ 04 ಬಂದದ್ದೂ ಅದ ಮಾರ್ಗಸೂಚಿಯಿಂದ: ಬರೇ ತಪಾಸಣೆಗೆ ಅಂತ ಅಡ್ಮಿಟ್ ಆದ್ರ, ಇಲ್ಲಾ ಈಗಿನ ರೋಗಕ್ಕ, ಚಿಕಿತ್ಸೆಗೆ ಸಂಬಂಧ ಇಲ್ಲದ ಟೆಸ್ಟ್ ಆದ್ರ ಕೊಡಂಗಿಲ್ಲ. ಅಪೀಲ್ ನಿಂತಿರೋದು ಆ "ಸಂಬಂಧ" ಅನ್ನೋ ಶಬ್ದದ ಮ್ಯಾಲೆ. ನಾವು ಡಾಕ್ಟರ್ ಹತ್ರ ಹೋಗಿ, ಈ ರಿಪೋರ್ಟ್ ನೋಡೇ ಆಪರೇಷನ್ ನಿರ್ಧಾರ ಮಾಡೇವಿ ಅಂತ ಲೆಟರ್‌ಹೆಡ್ ಮ್ಯಾಲೆ ಸಹಿ ಸಿಕ್ಕಾ ಹಾಕಿಸ್ಕೊಂಡು, ಟೆಸ್ಟ್ ತಾರೀಖು, ಅಡ್ಮಿಟ್‌ಗಿಂತ ಮುಂಚಿನ ಖರ್ಚಿಗೂ ಪಾಲಿಸಿ ದುಡ್ಡು ಕೊಡೋ ದಿವಸದೊಳಗ ಐತಿ ಅಂತ ತೋರ್ಸಿ, ಕಂಪನಿಯ ದೂರು ವಿಭಾಗಕ್ಕ, ಅಂದ್ರ ಗ್ರೀವನ್ಸ್ ಸೆಲ್‌ಗೆ, ಕಳ್ಸಿದ್ವಿ. ಇಪ್ಪತ್ತು ದಿವಸಕ್ಕ ದುಡ್ಡು ಬಂತು. ತಿಂಗಳಾದ್ರೂ ಉತ್ತರ ಬರಲಿಲ್ಲ, ಇಲ್ಲಾ ಬಂದ ಉತ್ತರ ಸರಿ ಅನಸಲಿಲ್ಲ ಅಂದ್ರ ವಿಮಾ ಕಂಪನಿ ಮ್ಯಾಲಿನ ದೂರು ವಿಚಾರಿಸೋ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗ ದೂರು ಕೊಡಬಹುದು, ಆನ್‌ಲೈನ್‌ನ್ಯಾಗೂ ನಡೀತೈತಿ, ಫೀ ಇಲ್ಲ, ವಕೀಲರೂ ಬ್ಯಾಡ.

ಇನ್ನ ವೈನಿ ಮಗಳು. ತಾಯಿ ದೋಷ ಮಕ್ಕಳಿಗೆ ಬರೋ ಸಾಧ್ಯತೆ ಅರ್ಧಕ್ಕರ್ಧ, ಅಕಿಗೂ ಟೆಸ್ಟ್ ಬೇಕು, ಆದ್ರ ಅಕಿಗೆ ಕಾಯಿಲೆನ ಇಲ್ಲಲ್ಲ, ಹಿಂಗಾಗಿ ಅಲ್ಲಿ ಕೋಡ್ 04 ಗಟ್ಟಿಯಾಗಿ ಕೂಡತೈತಿ. ಆ ರೊಕ್ಕ ಅಣ್ಣ ಕೈಯಿಂದಾನ ಕಟ್ಟಿದ.