ಟ್ರಾಲಿ ಶಾಟ್ ಹುಟ್ಟಿದ್ದು ‘ಕಬೀರಿಯಾ’ ಸಿನಿಮಾದಲ್ಲಾ?

ಪ್ರಶ್ನೆ: ಕ್ಯಾಮೆರಾವನ್ನು ಗಾಲಿಗಳ ಮೇಲಿಟ್ಟು ಟ್ರಾಲಿ ಶಾಟ್ ತೆಗೆದ ಮೊದಲಿಗರು ಇಟಲಿಯ ನಿರ್ದೇಶಕ ಜೊವಾನ್ನಿ ಪಾಸ್ಟ್ರೋನೆ ಅಂತಾರೆ. ನಿಜವಾ?

ಪೂರ್ತಿ ನಿಜ ಅಲ್ಲ. 1896ರಲ್ಲೇ ಫ್ರಾನ್ಸಿನ ಲ್ಯೂಮಿಯೇರ್ ಸಿನಿಮಾ ಕಂಪನಿಯ ಕ್ಯಾಮೆರಾಮನ್ ಒಬ್ಬರು ವೆನಿಸ್‌ನಲ್ಲಿ ದೋಣಿಯಲ್ಲಿ ಕ್ಯಾಮೆರಾ ಇಟ್ಟು ದಡದ ಕಟ್ಟಡಗಳನ್ನು ಚಿತ್ರಿಸಿದ್ದರು. ಆದರೆ ಅದು ಊರು ನೋಡುವ ಖುಷಿ ಅಷ್ಟೇ. ಕಥೆ ನಡೆಯುತ್ತಿರುವ ಜಾಗಕ್ಕೆ ಕ್ಯಾಮೆರಾ ಮೆಲ್ಲಗೆ ಕಾಲಿಟ್ಟರೆ ಹೇಗೆ? ಪಾಸ್ಟ್ರೋನೆ ತಲೆ ಕೆಡಿಸಿಕೊಂಡದ್ದು ಇದಕ್ಕೆ.

ಟೂರಿನ್‌ನ ಇಟಾಲಾ ಫಿಲ್ಮ್ ಅವರ ಕಂಪನಿ. ಕ್ಯಾಮೆರಾ ಸರಿಸುವ ಗಾಡಿಗೆ 1912ರಲ್ಲಿ ಪೇಟೆಂಟ್ ಕೇಳಿದರು. 1914ರ ‘ಕಬೀರಿಯಾ’ದಲ್ಲಿ ಅದನ್ನು ಚೆನ್ನಾಗಿ ದುಡಿಸಿಕೊಂಡರು. ರೋಮ್ ಮತ್ತು ಉತ್ತರ ಆಫ್ರಿಕಾದ ಪ್ರಾಚೀನ ನಗರ ಕಾರ್ಥೇಜ್ ನಡುವಿನ ಯುದ್ಧಕಾಲದ ಕಥೆ ಅದು. ಆಗಿನ ಎಷ್ಟೋ ಸಿನಿಮಾಗಳಲ್ಲಿ ನಾಟಕದ ಪರದೆಯ ಹಾಗೆ ಬಣ್ಣ ಬಳಿದ ಬಟ್ಟೆಯೇ ಅರಮನೆ. ಇವರು ಮಾತ್ರ ಭಾರಿ ಸೆಟ್‌ಗಳನ್ನೇ ಕಟ್ಟಿಸಿದರು. ಅಷ್ಟು ಕಟ್ಟಿಸಿ ಕ್ಯಾಮೆರಾವನ್ನು ಒಂದೇ ಕಡೆ ನಿಲ್ಲಿಸಿದರೆ, ಅದೂ ಪರದೆಯ ಹಾಗೇ ಕಾಣುತ್ತದೆ, ಅಲ್ವಾ? ಹಾಗಾಗಿ ಕ್ಯಾಮೆರಾ ಓರೆಯಾಗಿ, ತೀರಾ ನಿಧಾನವಾಗಿ ಸರಿಯುತ್ತದೆ. ಇದಕ್ಕೆ ಜೊತೆಯಾದವರು ಸ್ಪೇನ್‌ನ ಸೆಗುಂಡೊ ದೆ ಶೊಮೋನ್, ಕ್ಯಾಮೆರಾ ಚಮತ್ಕಾರಗಳಲ್ಲಿ ಪಳಗಿದ ಕೈ.

ತಮಾಷೆ ಅಂದರೆ, ಜಾಹೀರಾತಿನಲ್ಲಿ ಮೆರೆದದ್ದು ಕವಿ ದಾನುಂಜಿಯೋ ಹೆಸರು. ಅವರು ಮಾಡಿದ್ದು ಮೂಕಿ ಚಿತ್ರದ ದೃಶ್ಯಗಳ ನಡುವೆ ಬರುವ ಬರಹ ತಿದ್ದಿ ಬರೆದದ್ದು, ಪಾತ್ರಗಳಿಗೆ ಹೆಸರಿಟ್ಟದ್ದು. ಪಾಸ್ಟ್ರೋನೆ ಪಿಯೆರೊ ಫೋಸ್ಕೊ ಎಂಬ ಗುಪ್ತನಾಮದ ಹಿಂದೆ ಸುಮ್ನೆ ಉಳಿದರು. ದೊಡ್ಡ ಕವಿಯ ಹೆಸರಿದ್ದರೆ ಸಿನಿಮಾಕ್ಕೆ ಮರ್ಯಾದೆ ಜಾಸ್ತಿ ಎಂಬ ಲೆಕ್ಕ. ಲೆಕ್ಕ ಫಲಿಸಿತು, ಆದರೆ ಕೆಲಸ ಮಾಡಿದವರ ಹೆಸರು ಬಹುಕಾಲ ಮರೆಯಲ್ಲೇ ಉಳಿಯಿತು.

ಜನ ಮುಗಿಬಿದ್ದದ್ದು ಮಾತ್ರ ಮಚಿಸ್ತೆ ಎಂಬ ಬಲಶಾಲಿ ಗುಲಾಮನ ಪಾತ್ರಕ್ಕೆ. ಆ ಪಾತ್ರ ಮಾಡಿದ ಬಾರ್ತೊಲೊಮಿಯೊ ಪಗಾನೊ ಜಿನೋವಾ ಬಂದರಿನ ಕೂಲಿಯಾಳು. ಮುಂದೆ ಮಚಿಸ್ತೆಯದೇ ಸಿನಿಮಾಗಳ ಸಾಲು ಬಂತು. 1916ರಲ್ಲಿ ಅಮೆರಿಕದ ಗ್ರಿಫಿತ್ ತೆಗೆದ ‘ಇನ್‌ಟಾಲರೆನ್ಸ್’ ಚಿತ್ರದ ಬ್ಯಾಬಿಲಾನ್ ಸೆಟ್‌ನಲ್ಲೂ ‘ಕಬೀರಿಯಾ’ದ ನೆರಳಿದೆ.

ಪಾಸ್ಟ್ರೋನೆ 1920ರ ದಶಕದಲ್ಲಿ ಸಿನಿಮಾ ಬಿಟ್ಟರು. 1959ರಲ್ಲಿ ತೀರಿಕೊಂಡರು.

‘ಕಬೀರಿಯಾ’ ನೋಡುವುದಾದರೆ ಒಂದು ಕೆಲಸ ಮಾಡಿ. ನಟರನ್ನು ಬಿಟ್ಟು ಚೌಕಟ್ಟಿನ ಅಂಚನ್ನು ಗಮನಿಸಿ. ಹತ್ತಿರದ ವಸ್ತು ಬೇಗ ಸರಿಯುತ್ತದೆ, ಹಿಂದಿನ ಗೋಡೆ ನಿಧಾನಕ್ಕೆ. ಕ್ಯಾಮೆರಾ ನಡೆದದ್ದು ಗೊತ್ತಾಗುವುದೇ ಆಗ.